ಕಾರ್ಖಾನೆಗೆ ಬೀಗ: ಹಳೆಯ ದೋಣಿ ಎಂಜಿನ್‌ಗಳಿಗೆ ಯಾರು ಗತಿ?

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್‌ಗಳ ಪೈಕಿ ಅಮೆರಿಕದಲ್ಲಿ ಮನೆಮಾತಾಗಿದ್ದ ‘ಎವಿನ್‌ರೂಡ್’ ತಯಾರಿಕೆಯನ್ನು ನಿಲ್ಲಿಸುವುದಾಗಿ ಕೆನಡಾದ ಬಿಆರ್‌ಪಿ ಸಂಸ್ಥೆ 2020ರ ಮೇ ತಿಂಗಳಲ್ಲಿ ಪ್ರಕಟಿಸಿತು. ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಗೆ ತಂದ ಎಂಜಿನ್‌ನ ಪರಂಪರೆಗೆ ಹೀಗೆ ತೆರೆ ಬಿದ್ದಿತು. ಆದರೆ ಹಳೆಯ ಎಂಜಿನ್‌ಗಳು ಇನ್ನೂ ನೀರಿನಲ್ಲಿವೆ. ಅವುಗಳ ದುರಸ್ತಿಯ ಹೊಣೆ ಯಾರದು?

ಮೊದಲ ತೊಡಕು ಗುರುತಿನದು. ಹೊರಕವಚದ ಹೆಸರು, ಬಣ್ಣಗಳನ್ನು ನಂಬುವಂತಿಲ್ಲ, ಕವಚವೇ ಬದಲಾಗಿರಬಹುದು. ದೋಣಿಗೆ ಬಿಗಿಯುವ ಬ್ರಾಕೆಟ್‌ನ ಫಲಕದಲ್ಲಿರುವ ಮಾಡೆಲ್ ಸಂಖ್ಯೆಯೇ ಆಧಾರ. 1980ರಿಂದೀಚಿನ ಎವಿನ್‌ರೂಡ್ ಹಾಗೂ ಜಾನ್ಸನ್ ಎಂಜಿನ್‌ಗಳಲ್ಲಿ ವರ್ಷವನ್ನು ಅಕ್ಷರಗಳಲ್ಲಿ ಅಡಗಿಸಲಾಗಿದೆ. ‘ಇಂಟ್ರೊಡ್ಯೂಸಸ್’ ಎಂಬ ಇಂಗ್ಲಿಷ್ ಪದದ ಹತ್ತು ಅಕ್ಷರಗಳು ಕ್ರಮವಾಗಿ 1ರಿಂದ 9 ಹಾಗೂ ಸೊನ್ನೆಯನ್ನು ಸೂಚಿಸುತ್ತವೆ. ವರ್ಷದ ಜಾಗದಲ್ಲಿ ‘ಸಿ’, ‘ಒ’ ಇದ್ದರೆ ಅದು 1985ರ ಮಾದರಿ.

ಈ ಗುಟ್ಟು ಅರಿಯದವರು ತಪ್ಪು ಬಿಡಿಭಾಗ ತರಿಸಿ ಕೈಸುಟ್ಟುಕೊಳ್ಳುತ್ತಾರೆ. ನೀರಿನ ಪಂಪ್‌ನ ರಬ್ಬರ್ ಇಂಪೆಲ್ಲರ್ ಗಟ್ಟಿಯಾದರೆ ಎಂಜಿನ್ ಕಾದು ಕೆಡುತ್ತದೆ. ಅಳತೆ ತಪ್ಪಿದ ಇಂಪೆಲ್ಲರ್‌ನಿಂದ ಪ್ರಯೋಜನವಿಲ್ಲ.

ಮಾತೃಸಂಸ್ಥೆ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾದಾಗ ಈ ಬ್ರಾಂಡ್‌ಗಳು ಬೊಂಬಾರ್ಡಿಯರ್ ಪಾಲಾಗಿ ಉಳಿದುಕೊಂಡವು. 2020ರಲ್ಲಿ ಅಂಥ ಆಸರೆ ಒದಗಲಿಲ್ಲ. ಬಿಡಿಭಾಗ ಪೂರೈಕೆ ಮುಂದುವರಿಸುವುದಾಗಿ ಬಿಆರ್‌ಪಿ ಆಗ ಭರವಸೆ ನೀಡಿತ್ತು. ಆದರೂ ದಶಕಗಳ ಹಿಂದಿನ ಮಾದರಿಗಳ ಮಾಲೀಕರು ಇತರ ತಯಾರಕರ ಬಿಡಿಭಾಗ, ಹಳೆಯ ದಾಸ್ತಾನು, ಗುಜರಿ ಎಂಜಿನ್‌ಗಳನ್ನೇ ಹೆಚ್ಚಾಗಿ ನೆಚ್ಚಬೇಕಿದೆ.

ತಯಾರಿಕೆ ನಿಲ್ಲಿಸುವುದು ಸಂಸ್ಥೆಯ ಹಕ್ಕು. ಆದರೆ ಗುರುತಿನ ಕೋಷ್ಟಕ, ದುರಸ್ತಿ ಕೈಪಿಡಿಗಳು ಸಾರ್ವಜನಿಕರ ಕೈಗೆ ಎಟುಕದಿದ್ದರೆ, ಇನ್ನೂ ಓಡಬಲ್ಲ ಯಂತ್ರವೂ ಗುಜರಿ ಸೇರುತ್ತದೆ.