ಧನಿಕರ ಗೋರಿ, ಕುಶಲಿಗಳ ಕೀರ್ತಿ

ಥಾಮಸ್ ಗ್ರೇ ಕವಿಯ ಶೋಕಗೀತೆಯನ್ನು ಇಂಗ್ಲಿಷ್ ತರಗತಿಯಲ್ಲಿ ಓದಿದ ನಮಗೆ, ಆ ದೇಶದ ಹಳ್ಳಿಯ ಚರ್ಚಿನ ಅಂಗಳವೆಂದರೆ ಬಡ ರೈತರು ಮಲಗಿರುವ ಪ್ರಶಾಂತವಾದ ಎಡೆಯೆಂದೇ ಭಾವನೆ. ಆದರೆ 1751ರಲ್ಲಿ ಆ ಕವನ ಅಚ್ಚಾದ ಕಾಲಕ್ಕೆ ಗ್ಲಾಸ್ಟರ್‌ಷೈರಿನ ಪೇನ್ಸ್‌ವಿಕ್ ಎಂಬ ಸಣ್ಣ ಊರಿನ ಚರ್ಚಿನ ಅಂಗಳ ಬೇರೊಂದು ಕಥೆಯನ್ನು ಹೇಳುತ್ತಿತ್ತು.

ಉಣ್ಣೆಬಟ್ಟೆಯ ಉದ್ಯಮದಿಂದ ಸಿರಿವಂತರಾದ ಅಲ್ಲಿನ ಮನೆತನಗಳು 17 ಮತ್ತು 18ನೆಯ ಶತಮಾನಗಳಲ್ಲಿ ಸುಣ್ಣಕಲ್ಲಿನ ಗೋರಿಗಳನ್ನು ಕಟ್ಟಿಸಿದವು. ಕೆಲವು ಮೇಜಿನಂತೆ ಉದ್ದವಾಗಿವೆ. ಕೆಲವು ದುಂಡಗೆ, ಚಹಾ ಡಬ್ಬಿಯಂತೆ ನಿಂತಿವೆ. ಅವುಗಳ ಮೈಮೇಲೆ ರೆಕ್ಕೆಯುಳ್ಳ ಶಿಶುಮುಖಗಳು, ಎಲೆ, ಹೂ, ಸುರುಳಿಗಳು. ಸುತ್ತಲೂ ಅಂದವಾಗಿ ಕತ್ತರಿಸಿದ ಯೂ ಮರಗಳು. ಅವು ತೊಂಬತ್ತೊಂಬತ್ತೇ, ನೂರನೆಯದನ್ನು ನೆಟ್ಟರೆ ಬದುಕದು ಎಂಬುದು ಅಲ್ಲಿನ ಐತಿಹ್ಯ.

“ಧನಿಕರ ಜಂಬದ ಕಲ್ಲುಗಳನ್ನು ಕಾಪಾಡಲು ಹಣವೇಕೆ? ಬದುಕಿರುವ ಬಡವರಿಗೆ ಅದು ಸಲ್ಲಬಾರದೆ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೂ ನಾನು ಅದನ್ನು ಒಪ್ಪಲಾರೆ.

ಈ ಗೋರಿಗಳ ಪೆಟ್ಟಿಗೆ ಟೊಳ್ಳು. ಶವವಿರುವುದು ಕೆಳಗೆ ನೆಲದಲ್ಲಿ. ಮೇಲೆ ಉಳಿದಿರುವುದು ವರ್ತಕನಲ್ಲ, ಕಲ್ಲುಕುಟಿಗನ ಕೈಕೆಲಸ. ಹಣ ಕೊಟ್ಟವನ ಹೆಸರನ್ನು ಉಳಿಯಿಂದ ಕೊರೆದವನು ತನ್ನ ಹೆಸರನ್ನು ಅಪರೂಪಕ್ಕೆ ಬಿಟ್ಟುಹೋದ. ಆ ಊರಿನ ಕಲ್ಲುಕುಟಿಗರಲ್ಲಿ ಪ್ರಸಿದ್ಧನಾದ ಜಾನ್ ಬ್ರಯನ್ 1787ರಲ್ಲಿ ತೀರಿಕೊಂಡ. ಅವನ ಗೋರಿ ಪಿರಮಿಡ್ಡಿನ ಆಕಾರದಲ್ಲಿ ಅದೇ ಅಂಗಳದಲ್ಲಿದೆ. ಇಂತಹ ಭಾಗ್ಯ ಎಷ್ಟು ಮಂದಿ ಕೆಲಸಗಾರರಿಗೆ ದೊರೆತೀತು?

ಸುಣ್ಣಕಲ್ಲು ಮೃದು. ಮಳೆಯ ಆಮ್ಲಕ್ಕೆ ಅದು ಕರಗುತ್ತದೆ; ಹಿಮಕ್ಕೆ ಪದರು ಪದರಾಗಿ ಉದುರುತ್ತದೆ. ಇಂತಹ ಗೋರಿಗಳಲ್ಲಿ ಚಪ್ಪಡಿಗಳನ್ನು ಬಿಗಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ, ಕಲ್ಲನ್ನೇ ಸೀಳುತ್ತವೆ. ಗಡುಸಾದ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಹಾನಿ ಹೆಚ್ಚುತ್ತದೆ. ಸುಣ್ಣದ ಗಾರೆಯೇ ಕ್ಷೇಮ. ಸವೆದ ಮುಖಗಳನ್ನು ಮತ್ತೆ ಕೆತ್ತಿ ಹೊಸತು ಮಾಡುವುದೂ ಸಲ್ಲದು; ಆಗ ಹಳೆಯ ಕೈಯ ಗುರುತೇ ಅಳಿದೀತು. ಇರುವುದನ್ನು ಇರುವಂತೆಯೇ ನಿಲ್ಲಿಸಿಕೊಳ್ಳುವುದು ಮೇಲು.

ಅಕ್ಷರಗಳು ಅಳಿಸಿ, ವರ್ತಕನು ಯಾರೆಂದು ತಿಳಿಯದೆ ಹೋದರೂ ಚಿಂತೆಯಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಅದೇ ಮಳೆಗೆ ಅದೇ ಕಲ್ಲಿನ ಮೇಲಿನ ಶಿಶುಮುಖವೂ ಸವೆಯುತ್ತದೆ. ಗ್ರೇ ಕವಿ ಮರುಗಿದ್ದು ಕೀರ್ತಿ ಕಾಣದೆ ಮಡಿದ ಬಡವರಿಗಾಗಿ. ಹೆಸರಿಲ್ಲದ ಆ ಕುಟಿಗರೂ ಅವರ ಸಾಲಿನವರೇ. ಅವರ ನೆನಪಿಗೆ ಉಳಿದಿರುವುದು ಇದೊಂದೇ. ಅದನ್ನು ಧನಿಕರ ಮೇಲಿನ ಮುನಿಸಿನಿಂದ ಹಾಳುಗೆಡವಬಾರದೆಂಬುದು ನನ್ನ ನಮ್ರ ಅಭಿಪ್ರಾಯ.