ನೆಲ ನಮ್ಮದು, ನಕ್ಷೆ ಯಾರದು?



ಒಂದು ಹೊಲಕ್ಕೆ ಎಷ್ಟು ನಕ್ಷೆ ಬೇಕು? ಒಂದು ಸಾಕು ಅಂತ ನೀವು ಹೇಳುತ್ತೀರಿ. ಆದರೆ ಇವತ್ತು ನಿಮ್ಮ ಒಂದೇ ಸರ್ವೆ ನಂಬರಿಗೆ ಸರ್ಕಾರದಲ್ಲಿ ಕಡಿಮೆ ಎಂದರೂ ಐದಾರು ಲೆಕ್ಕಗಳಿವೆ. ಭೂಮಾಪನದವರ ಹತ್ತಿರ ಟಿಪ್ಪಣಿ ಮತ್ತು ಗ್ರಾಮ ನಕ್ಷೆ. ಕಂದಾಯದವರ ಹತ್ತಿರ ಪಹಣಿ. ಕೃಷಿ ಇಲಾಖೆಯವರ ಹತ್ತಿರ ಬೆಳೆ ಸಮೀಕ್ಷೆ. ಪಂಚಾಯ್ತಿಯಲ್ಲಿ ರಸ್ತೆ, ಚರಂಡಿ, ಚೆಕ್‌ಡ್ಯಾಮುಗಳ ಪಟ್ಟಿ. ವಿದ್ಯುತ್ ಕಂಪನಿಯಲ್ಲಿ ಕಂಬ, ಟ್ರಾನ್ಸ್‌ಫಾರ್ಮರು, ಪಂಪ್‌ಸೆಟ್ಟುಗಳ ಲೆಕ್ಕ. ಕಾಡಂಚಿನ ಊರಾದರೆ ಅರಣ್ಯ ಇಲಾಖೆಯವರದು ಬೇರೆಯೇ ಒಂದು ಗಡಿ. ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆಯೇ? ಆಗುತ್ತವೋ ಇಲ್ಲವೋ ಅಂತ ಕೂತು ನೋಡುವವರೇ ಯಾರೂ ಇಲ್ಲ. ತಾಳೆಯಾಗದ ಕಡೆ ಅಲೆಯುವವನು ಮಾತ್ರ ಒಬ್ಬನೇ, ರೈತ.

ಈ ಪತ್ರಿಕೆಯಲ್ಲಿ ಬೆಲೆ ಮತ್ತು ಸಾಲದ ಮಾತು ಬಿಟ್ಟು ನಕ್ಷೆಯ ಮಾತು ಯಾಕೆ ಬಂತು ಅಂತ ಕೇಳಬಹುದು. ಬಿಟ್ಟಿಲ್ಲ. ಸಾಲ ಸಿಗಬೇಕಾದರೆ ಪಹಣಿ ಸರಿ ಇರಬೇಕು. ಪಹಣಿಯಲ್ಲಿ ಅಣ್ಣತಮ್ಮಂದಿರು ನಾಲ್ಕು ಹೆಸರಾಗಿ ಕೂತು ಪೋಡಿಯಾಗದೆ ಇದ್ದರೆ ಬ್ಯಾಂಕಿನವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಡುತ್ತಾನೆ. ಬೆಂಬಲ ಬೆಲೆಗೆ ರಾಗಿ, ತೊಗರಿ ಕೊಡಲು ಹೋದರೆ ರೈತರ ಗುರುತಿನ ಸಂಖ್ಯೆ ಕೇಳುತ್ತಾರೆ, ಅದರ ಹಿಂದೆ ಸರ್ವೆ ನಂಬರು, ಅದರ ಹಿಂದೆ ಬೆಳೆ ಸಮೀಕ್ಷೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ನೂರಕ್ಕೆ ಎರಡು ರೂಪಾಯಿಯಂತೆ ನಾವು ಕಂತು ಕಟ್ಟುತ್ತೇವೆ. ಕಂತು ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಆದರೆ ಪರಿಹಾರದ ಮಾತು ಬಂದಾಗ ಆ ಅರ್ಜಿ ಮೂಲೆ ಸೇರುತ್ತದೆ. ಮಳೆ ಕೈಕೊಟ್ಟದ್ದು ಒಂದು ಸಲ, ಕಾಗದ ಕೈಕೊಟ್ಟದ್ದು ಇನ್ನೊಂದು ಸಲ. ಎರಡನೆಯದು ದೇವರ ಕೆಲಸ ಅಲ್ಲ.

ಈ ನಕ್ಷೆಗಳು ಹುಟ್ಟಿದ್ದೇ ನಮಗಾಗಿ ಅಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಹಿಂದಿನ ಶತಮಾನಗಳಲ್ಲಿ ಸರಪಳಿ ಹಿಡಿದು ಹೊಲ ಅಳೆದದ್ದು ಕಂದಾಯ ಗೊತ್ತುಮಾಡುವುದಕ್ಕೆ. ಆ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಅಗಲ, ಒಂದು ಸರಪಳಿ ಉದ್ದ ಅಂದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಅಳೆದವರು ಕೆಲಸಗಾರರೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರು ಬರೆದ ಗ್ರಾಮ ನಕ್ಷೆಯಲ್ಲಿ ಒಂದು ಅಂಗುಲ ಅಂದರೆ ನೆಲದ ಮೇಲೆ 660 ಅಡಿ. ಆ ಲೆಕ್ಕಕ್ಕೆ ಅರ್ಧ ಮಿಲಿಮೀಟರು ದಪ್ಪದ ಮಸಿಗೆರೆ ನೆಲದ ಮೇಲೆ ಸುಮಾರು 13 ಅಡಿ ಆಗುತ್ತದೆ. ಅಂದರೆ ಒಂದು ಬಂಡಿದಾರಿ ಪೂರ್ತಿ ಆ ಗೆರೆಯೊಳಗೇ ಅಡಗಿಬಿಡಬಹುದು. 330 ಅಡಿ ಉದ್ದದ ಬದು 13 ಅಡಿ ಆಚೆಗೋ ಈಚೆಗೋ ಜರುಗಿತು ಅಂದರೆ ನಾಲ್ಕು ಗುಂಟೆಯ ಹತ್ತಿರ ಹತ್ತಿರ ನೆಲ ಹೋಯಿತು. ನಾಲ್ಕು ಗುಂಟೆಗಾಗಿ ಎಷ್ಟು ತಲೆ ಒಡೆದಿವೆ, ಎಷ್ಟು ಮನೆ ಕೋರ್ಟಿನ ಮೆಟ್ಟಿಲಲ್ಲಿ ಕರಗಿವೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಕಂಪ್ಯೂಟರು ಬಂತು. 'ಭೂಮಿ' ಯೋಜನೆಯಲ್ಲಿ 2002ರ ಹೊತ್ತಿಗೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ಹೋದದ್ದು ಅಕ್ಷರ, ಗೆರೆ ಅಲ್ಲ. ಪಹಣಿಯಲ್ಲಿದ್ದ ತಪ್ಪೂ ಹಾಗೆ ಹಾಗೆಯೇ ಅಚ್ಚಾಗಿ ಹೊರಬಂತು. ಹಳೆಯ ಪಹಣಿಯಲ್ಲಿ ತಪ್ಪು ಕಂಡರೆ ಲೆಕ್ಕಿಗನ ಹತ್ತಿರ ಜಗಳವಾಡಬಹುದಿತ್ತು. ಕಂಪ್ಯೂಟರಿನ ಹತ್ತಿರ ಯಾರು ಜಗಳವಾಡುವುದು?

ಈಗ ಗೆರೆಯ ಸರದಿ. 2018ರಲ್ಲಿ 'ದಿಶಾಂಕ್' ಬಂತು, ಹೊಲದಲ್ಲಿ ನಿಂತು ಫೋನು ತೆಗೆದರೆ ಯಾವ ಸರ್ವೆ ನಂಬರು ಅಂತ ತೋರಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರದವರು 'ಸ್ವಾಮಿತ್ವ' ಶುರು ಮಾಡಿದರು, ಡ್ರೋನು ಊರ ಮೇಲೆ ಹಾರಿ ಗ್ರಾಮಠಾಣಾದ ಮನೆಗಳ ಚಿತ್ರ ತೆಗೆಯಿತು. ಅದೇ ವರ್ಷ ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲಿನಲ್ಲಿ ಮಾಡಿಕೊಳ್ಳಿ ಅಂದರು. ಹಳೆಯ ನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂಡಿಸುವಾಗ ಗೆರೆ ಅಲ್ಲಲ್ಲಿ ಪಕ್ಕಕ್ಕೆ ಜರುಗುವುದುಂಟು. ಜರುಗಿದರೆ, ಅಪ್ಪ ಅಜ್ಜನ ಕಾಲದಿಂದ ಉತ್ತ ಹೊಲದಲ್ಲಿ ನಿಂತವನಿಗೆ ಫೋನು ಪಕ್ಕದವನ ನಂಬರು ತೋರಿಸುತ್ತದೆ. ಫೋನು ಸುಳ್ಳು ಹೇಳುತ್ತಿದೆ ಅಂತ ಅಲ್ಲ, ಅದಕ್ಕೆ ಕೊಟ್ಟ ಗೆರೆ ಹಾಗಿದೆ. ತಿದ್ದುವವರು ಯಾರು? ಕೃಷಿಯವರು ಭೂಮಾಪನದವರತ್ತ ಕೈ ತೋರಿಸುತ್ತಾರೆ, ಭೂಮಾಪನದವರು ಕಂದಾಯದವರತ್ತ, ಕಂದಾಯದವರು ಅರ್ಜಿ ಕೊಡಿ ಅನ್ನುತ್ತಾರೆ.

ಒಟ್ಟಿನಲ್ಲಿ ನಕ್ಷೆಗೆ ಬರ ಇಲ್ಲ. ಬರ ಇರುವುದು ಕೂಡಿ ಕೂತು ನೋಡುವುದಕ್ಕೆ. ಆದ್ದರಿಂದ ನಮ್ಮ ಸಲಹೆ ಇದು: ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ, ಅದರ ಮೇಲೆ ತಾಲ್ಲೂಕಿನಲ್ಲೂ, ನಕ್ಷೆ ಬಳಸುವವರೆಲ್ಲ ಸೇರಿದ ಒಂದು ಕೂಟ ಆಗಬೇಕು. ಇನ್ನೊಂದು ಇಲಾಖೆ ಬೇಡ, ಇನ್ನೊಂದು ನಿಗಮ ಖಂಡಿತ ಬೇಡ. ಇರುವವರೇ ಒಂದು ಮೇಜಿನ ಸುತ್ತ ಕೂರಲಿ.

ಇದು ಕನಸಿನ ಮಾತಲ್ಲ. ಪಕ್ಕದ ಕೇರಳದಲ್ಲಿ 1990ರ ದಶಕದ ಆರಂಭದಲ್ಲಿ ಶಾಸ್ತ್ರಸಾಹಿತ್ಯ ಪರಿಷತ್ತಿನವರೂ ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದವರೂ ಸೇರಿ ಪಂಚಾಯ್ತಿ ಸಂಪನ್ಮೂಲ ನಕ್ಷೆ ಅಂತ ಮಾಡಿದರು. ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಈ ಕೆಲಸಕ್ಕೆ ಹೆಸರಾದ ಊರು. ವಿಜ್ಞಾನಿಗಳು ಮಣ್ಣು, ನೀರಿನ ಸೆಲೆ ನೋಡಿದರು. ಊರಿನ ಹುಡುಗರು, ಮೇಷ್ಟರುಗಳು ಸರ್ವೆ ನಂಬರಿನ ನಕ್ಷೆ ಹಿಡಿದು ಹೊಲಹೊಲ ತಿರುಗಿ ಎಲ್ಲಿ ಏನು ಬೆಳೆ, ಎಲ್ಲಿ ಬಾವಿ, ಎಲ್ಲಿ ಬೀಳು ಅಂತ ಗುರುತು ಹಾಕಿದರು. 1996ರಲ್ಲಿ ಅಲ್ಲಿ ಜನತಾ ಯೋಜನೆ ಶುರುವಾಗಿ ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40 ಭಾಗ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾದಾಗ, ನಮ್ಮ ಊರಲ್ಲಿ ಏನಿದೆ, ಏನಿಲ್ಲ ಅಂತ ತಿಳಿದುಕೊಳ್ಳುವ ಅಭ್ಯಾಸ ಎಷ್ಟೋ ಜನಕ್ಕೆ ಆಗಲೇ ಆಗಿತ್ತು. ಆಗ ಡ್ರೋನೂ ಇರಲಿಲ್ಲ, ಫೋನೂ ಇರಲಿಲ್ಲ. ಕಾಗದ, ಬಣ್ಣದ ಪೆನ್ಸಿಲು, ಕಾಲು ಮಾತ್ರ ಇದ್ದವು.

ನಮ್ಮಲ್ಲಿ ಹೇಗೆ ಮಾಡುವುದು? ಪಂಚಾಯ್ತಿ ಕೂಟದಲ್ಲಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತ ಅಧಿಕಾರಿ, ಕೃಷಿ ಇಲಾಖೆಯ ಸಹಾಯಕರು, ಲೈನ್‌ಮ್ಯಾನು, ಸಹಕಾರ ಸಂಘದ ಕಾರ್ಯದರ್ಶಿ ಇರಲಿ. ನೀರುಗಂಟಿ ಇರುವ ಊರಲ್ಲಿ ಅವನಿರಲಿ, ತೂಬಿನ ನೀರು ಎಲ್ಲಿಗೆ ಹರಿಯುತ್ತದೆ ಅಂತ ಅವನಷ್ಟು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಬೇಸಾಯ ಮಾಡುವ ಹೆಣ್ಣುಮಕ್ಕಳು ಇರಲಿ. ಕೂಲಿಕಾರರ ಕಡೆಯವರು ಇರಲಿ, ಯಾಕೆಂದರೆ ಗೋಮಾಳ, ಸ್ಮಶಾನ, ನೀರಿನ ದಾರಿ ಅವರದ್ದೂ ಹೌದು. ಕಂಪ್ಯೂಟರು ಬಲ್ಲ ಊರಿನ ಇಬ್ಬರು ಹುಡುಗ ಹುಡುಗಿಯರು ಬರೆಯುವ ಕೆಲಸ ಹಿಡಿಯಲಿ. ತಾಲ್ಲೂಕಿನಲ್ಲಿ ತಹಸೀಲ್ದಾರರೂ ಭೂದಾಖಲೆಗಳ ಸಹಾಯಕ ನಿರ್ದೇಶಕರೂ ಕೂರಲಿ. ತಿಂಗಳಿಗೆ ಒಂದು ದಿನ, ಗೊತ್ತಾದ ದಿನ. ಸಂತೆಯ ದಿನ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೆಲಸ ಸರಳ. ಗ್ರಾಮ ನಕ್ಷೆಯನ್ನು ಅಡಿಪಾಯವಾಗಿ ಇಟ್ಟುಕೊಳ್ಳುವುದು. ಹಿಂದೆ ಸರ್ವೆಯವರು ನಕ್ಷೆಯ ಮೇಲೆ ಎಣ್ಣೆ ಕಾಗದ ಹಾಸಿ ಗೆರೆ ಎತ್ತುತ್ತಿದ್ದರಲ್ಲ, ಹಾಗೆ ಒಂದೊಂದು ಇಲಾಖೆಯ ಲೆಕ್ಕವೂ ಒಂದೊಂದು ಎಣ್ಣೆ ಕಾಗದ ಅಂದುಕೊಳ್ಳಿ. ಒಂದರ ಮೇಲೊಂದು ಹಾಸಿದಾಗ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಗುರುತು. ಆ ಗುರುತುಗಳಿಗೆ ಒಂದು ಪುಸ್ತಕ: ಯಾವ ನಂಬರು, ಏನು ತಪ್ಪು, ತಿದ್ದುವುದು ಯಾರ ಹೊಣೆ, ಯಾವ ತಾರೀಖಿನೊಳಗೆ. ಮುಂದಿನ ತಿಂಗಳು ಅದೇ ಪುಸ್ತಕ ತೆಗೆದು ಓದುವುದು. ಇಷ್ಟೇ. ಅರ್ಜಿ ಕೊಟ್ಟವನು ಒಬ್ಬನಾದರೆ ಅಲೆದಾಟ. ಊರಿನ ಪುಸ್ತಕದಲ್ಲಿ ನೂರು ತಪ್ಪು ಸಾಲಾಗಿ ಕೂತರೆ ಅದು ಲೆಕ್ಕ, ಅದಕ್ಕೆ ಜವಾಬು ಕೊಡಲೇಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಈ ಕೂಟ ಯಾರ ಬದುವನ್ನೂ ಗೊತ್ತುಮಾಡುವುದಿಲ್ಲ, ಯಾರ ಹಕ್ಕನ್ನೂ ತೀರ್ಮಾನಿಸುವುದಿಲ್ಲ. ಅದಕ್ಕೆ ಕಾನೂನಿನಂತೆ ನೋಟೀಸು ಕೊಟ್ಟು, ಅಕ್ಕಪಕ್ಕದವರನ್ನು ಕರೆದು ಹದ್ದುಬಸ್ತು ಆಗಬೇಕು. ಫೋನಿನ ಗೆರೆ ತೋರಿಸಿ ಕಲ್ಲು ಕೀಳುವವನಿಗೆ ಕೂಟದ ಬೆಂಬಲ ಇರಕೂಡದು.

ಬೆಲೆಯ ವಿಷಯಕ್ಕೆ ಬರೋಣ. ಟೊಮ್ಯಾಟೊ, ಈರುಳ್ಳಿ ರಸ್ತೆಗೆ ಸುರಿಯುವ ವರ್ಷಗಳನ್ನು ಕಂಡಿದ್ದೇವೆ. ಎಲ್ಲರೂ ಒಂದೇ ಬೆಳೆ ಇಟ್ಟರು, ಬೆಲೆ ಬಿತ್ತು ಅಂತ ಆಮೇಲೆ ಪಂಡಿತರು ಹೇಳುತ್ತಾರೆ. ಎಲ್ಲರೂ ಇಟ್ಟದ್ದು ಇಡುವಾಗ ರೈತನಿಗೆ ಹೇಗೆ ಗೊತ್ತಾಗಬೇಕಿತ್ತು? ಸಮೀಕ್ಷೆಯ ಫೋಟೋ ತೆಗೆದು ಕಳಿಸುವವರು ನಾವು. ಊರಿಗೆ ಎಷ್ಟು ಎಕರೆ, ಹೋಬಳಿಗೆ ಎಷ್ಟು ಎಕರೆ ಅಂತ ಆ ಲೆಕ್ಕ ನಾಟಿಯ ಕಾಲದಲ್ಲೇ ಪಂಚಾಯ್ತಿ ಗೋಡೆಯ ಮೇಲೆ ಬರಲಿ. ಬೆಲೆ ಕಟ್ಟುವ ಶಕ್ತಿ ನಕ್ಷೆಗಿಲ್ಲ, ಆ ಹೋರಾಟ ಬೇರೆಯೇ ನಡೆಯಬೇಕು. ಆದರೆ ದಲ್ಲಾಳಿಗೆ ಗೊತ್ತಿರುವುದು ಬೆಳೆದವನಿಗೂ ಗೊತ್ತಿದ್ದರೆ ಮಾರುಕಟ್ಟೆಯಲ್ಲಿ ನಿಲ್ಲುವ ರೀತಿಯೇ ಬೇರೆ.

ಇನ್ನು ನಮ್ಮ ಕಡೆಯ ಅಂಜಿಕೆಗಳು. ನಕ್ಷೆ ಬಯಲಾದರೆ ಭೂಮಿ ಕೊಳ್ಳುವ ಪಟ್ಟಣದ ಕುಳಗಳಿಗೆ, ಗೊಬ್ಬರ ಬೀಜದ ಕಂಪನಿಗಳಿಗೆ ದಾರಿ ತೋರಿಸಿದಂತೆ ಅಲ್ಲವೇ ಅಂತ ಕೇಳುವವರಿದ್ದಾರೆ. ಅಂಜಿಕೆ ಸುಳ್ಳಲ್ಲ. ಆದರೆ 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಕಂಪನಿಗಳು ಪೂರ್ವಾನುಮತಿ ಇಲ್ಲದೆ ನಕ್ಷೆ ಮಾಡಬಹುದು ಅಂತ ಕಟ್ಟು ಸಡಿಲಿಸಿತು, 2022ರಲ್ಲಿ ಅದನ್ನೇ ರಾಷ್ಟ್ರೀಯ ನೀತಿಯಾಗಿ ಮುಂದುವರಿಸಿತು. ಹಣವಿದ್ದವರಿಗೆ ಬಾಗಿಲು ಆಗಲೇ ತೆರೆದಿದೆ. ಹೊರಗೆ ನಿಂತಿರುವವರು ನಾವೇ. ಆದ್ದರಿಂದ ಯಾವುದು ಗೋಡೆಯ ಮೇಲೆ, ಯಾವುದು ಪೆಟ್ಟಿಗೆಯೊಳಗೆ ಅಂತ ಕೂಟವೇ ಮೊದಲು ಬರೆದಿಡಲಿ. ಕೆರೆ, ಕಾಲುವೆ, ದಾರಿ, ಮಳೆ, ಬೆಳೆಯ ಒಟ್ಟು ಎಕರೆ ಎಲ್ಲರಿಗೂ ಕಾಣಲಿ. ಯಾರ ಸಾಲ ಎಷ್ಟು, ಯಾರ ಫೋನು ಯಾವುದು ಅನ್ನುವುದು ಯಾರಿಗೂ ಬೇಡ.

ಇನ್ನೊಂದು ಅಂಜಿಕೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಣ್ಣೆ ಕಾಗದ ಹಾಸಿದಾಗ ಸರ್ಕಾರದ ತಪ್ಪು ಮಾತ್ರ ಕಾಣುವುದಿಲ್ಲ, ನಮ್ಮದೂ ಕಾಣುತ್ತದೆ. 'ಬಿ' ಖರಾಬಿನಲ್ಲಿದ್ದ ಬಂಡಿದಾರಿ ಯಾರ ನೇಗಿಲಿಗೆ ಹೋಯಿತು? ರಾಜಕಾಲುವೆ ಯಾರ ತೆಂಗಿನ ತೋಟದೊಳಗೆ ಮಾಯವಾಯಿತು? ಕೆರೆ ಅಂಗಳದಲ್ಲಿ ಯಾರ ರಾಗಿ? ಹೊರಗಿನವರು ಬಂದು ಮಾಡಿದ್ದಲ್ಲ ಇದು. ದಾರಿ ಮುಚ್ಚಿದ್ದಕ್ಕೆ ಹಿಂದಿನ ಹೊಲದವನು ಕಬ್ಬಿನ ಲಾರಿ ತರಲಾರದೆ ಕಡಿಮೆ ಬೆಲೆಗೆ ಮಾರಿದರೆ, ಅವನ ಸಾಲದಲ್ಲಿ ನಮ್ಮ ಪಾಲೂ ಇದೆ. ಸರ್ಕಾರವನ್ನು ಲೆಕ್ಕ ಕೇಳುವ ಬಾಯಿ ಗಟ್ಟಿಯಾಗಿರಬೇಕಾದರೆ ಮೊದಲು ಈ ಲೆಕ್ಕ ಕೊಡಬೇಕಾಗುತ್ತದೆ. ದಾರಿ, ಕಾಲುವೆ ಬಿಟ್ಟುಕೊಡುವ ಮಾತು ಕೋರ್ಟಿನಲ್ಲಿ ಆಗುವುದಕ್ಕಿಂತ ಊರ ಕಟ್ಟೆಯ ಮೇಲೆ ಆದರೆ ಮರ್ಯಾದೆಯೂ ಉಳಿಯುತ್ತದೆ, ಕಾಸೂ ಉಳಿಯುತ್ತದೆ.

1980ರ ದಶಕದ ಆರಂಭದಲ್ಲಿ ಈ ರಾಜ್ಯದ ಎಷ್ಟೋ ಹಳ್ಳಿಗಳ ಬಾಗಿಲಲ್ಲಿ ರೈತರು ಬೋರ್ಡು ಹಾಕಿದರು: ಸಾಲ ವಸೂಲಿಯ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಕೂಡದು. ಜೀಪು ಬೋರ್ಡು ನೋಡಿ ನಿಂತಿತು. ಆಕಾಶದಲ್ಲಿ ಹಾರುವುದಕ್ಕೆ ಬೋರ್ಡು ಹಾಕಲಾಗುವುದಿಲ್ಲ. ಅದು ತೆಗೆದ ಚಿತ್ರದ ಒಂದು ಪ್ರತಿ ಊರಿಗೆ ಕೊಡಿ, ಊರಿನವರ ಎದುರಿಗೆ ತಾಳೆ ನೋಡಿ ಅಂತ ಕೇಳಬಹುದು. ಕೇಳುವುದಕ್ಕೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, 1993ರ ಪಂಚಾಯತ್ ರಾಜ್ ಕಾಯಿದೆಯ ಗ್ರಾಮಸಭೆ ಇದೆ.

ಬರುವ ಗ್ರಾಮಸಭೆಗೆ ಹೋಗುವಾಗ ಪಹಣಿ ಒಂದು ಕೈಯಲ್ಲಿರಲಿ. ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿ ಪಂಚಾಯ್ತಿ ಕಚೇರಿಯಲ್ಲಿ ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ತರಿಸುವಂತೆ ನಡಾವಳಿಯಲ್ಲಿ ಬರೆಸಿ. ಇದ್ದರೆ ಬಿಚ್ಚಿ ಹಾಸಿ ಅನ್ನಿ. ಸುತ್ತ ನಾಲ್ಕು ಜನ ಬಗ್ಗಿ ನೋಡಿದರೆ ಕೂಟ ಅಲ್ಲಿಗೇ ಶುರುವಾಯಿತು.