ನನ್ನ ಫಿಲ್ಟರ್‌ನಲ್ಲಿ ಅಣ್ಣನೇ ಬರಲಿಲ್ಲ!

ಕಳೆದ ದೊಡ್ಡಹಬ್ಬಕ್ಕೆ ಊರಿಗೆ ಹೋದಾಗ ನಡೆದದ್ದು. ನಮ್ಮೂರು ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿ. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಂಗಳಕ್ಕೆ ಬಂದು ತುಳಸಿಕಟ್ಟೆಯ ಪಕ್ಕ ನಿಂತರೆ ಎರಡು ಕಡ್ಡಿ ಬರುತ್ತದೆ. ಅಲ್ಲಿ ನಿಂತು ಮೊಬೈಲ್ ಒತ್ತುತ್ತಿದ್ದಾಗ ಅಣ್ಣ ಹಿಂದಿನಿಂದ ಬಂದು ಇಣುಕಿದ. ಡೇಟಿಂಗ್ ಆ್ಯಪ್ ತೆರೆದಿತ್ತು. ಮುಚ್ಚುವಷ್ಟರಲ್ಲಿ ನೋಡಿಬಿಟ್ಟಿದ್ದ.

ಬೈಯುತ್ತಾನೆ ಅಂದುಕೊಂಡೆ. ಅವನು ‘ಇದ್ರಲ್ಲಿ ಎಂತ ಎಲ್ಲಾ ಕೇಳ್ತ?’ ಎಂದ. ನಾನು ಹಾಕಿಟ್ಟಿದ್ದ ಫಿಲ್ಟರ್ ತೋರಿಸಿದೆ. ವಯಸ್ಸು 27ರಿಂದ 32. ದೂರ 25 ಕಿ.ಮೀ. ಕೆಳಗೆ ನಾನೇ ಬರೆದುಕೊಂಡ ಸಾಲು: ಬೆಂಗಳೂರಿನಲ್ಲೇ ಸೆಟ್ಲ್ ಆಗುವವರು ಮಾತ್ರ.

ಅಣ್ಣನಿಗೆ 34 ವರ್ಷ. ಬಿ.ಕಾಂ ಮುಗಿಸಿ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾನೆ. ನಾಲ್ಕು ವರ್ಷದಿಂದ ಅವನ ಜಾತಕ ಮನೆಯಿಂದ ಮನೆಗೆ ಹೋಗಿ ವಾಪಸ್ ಬರುತ್ತಿದೆ. ಪರದೆಯನ್ನು ಒಂದು ಸಲ ಓದಿ ನಗುತ್ತಲೇ ಹೇಳಿದ: ‘ಹಂಗಾರೆ ನಿನ್ನ ಲೆಕ್ಕದಲ್ಲಿ ಆನೇ ಫೇಲ್ ಅಲ್ದನೆ ತಂಗಿ?’

ಆ ನಗು ನನ್ನನ್ನು ಬೆಂಗಳೂರಿನ ಬಸ್ಸಿನವರೆಗೂ ಹಿಂಬಾಲಿಸಿತು.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಪಿಜಿ, ಆಫೀಸು, ಮತ್ತೆ ಪಿಜಿ. ಹೊಸಬರ ಪರಿಚಯವಾಗುವ ಜಾಗವೇ ಇಲ್ಲ. ಆಫೀಸಿನಲ್ಲೇ ಯಾರನ್ನಾದರೂ ಇಷ್ಟಪಟ್ಟು ಅದು ಮುರಿದರೆ, ಮರುದಿನ ಅದೇ ಮೀಟಿಂಗ್‌ನಲ್ಲಿ ಎದುರು ಕೂರಬೇಕು. ಹಾಗಾಗಿ ಆ್ಯಪ್‌ಗೆ ಬಂದೆ. ಅದರಲ್ಲಿ ತಪ್ಪೇನೂ ಇಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಬಂದ ರೀತಿ ತಪ್ಪಾಗಿತ್ತು. ಒಂದೇ ರಾತ್ರಿ ಮೂರು ಆ್ಯಪ್ ಹಾಕಿಕೊಂಡೆ. ತಿಂಗಳುಗಟ್ಟಲೆ ‘ಊಟ ಆಯ್ತಾ’ ಎಂಬ ಮೆಸೇಜುಗಳಿಗೆ ಉತ್ತರಿಸಿದೆ. ಒಬ್ಬರ ಜೊತೆ ಮಾತು ಬೆಳೆಯಿತು. ಎರಡು ತಿಂಗಳಾದ ಮೇಲೆ ಅವರು ‘ನನಗೆ ಮದುವೆಯ ಯೋಚನೆಯೇ ಇಲ್ಲ’ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಕಲಿತದ್ದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದವರಿಗೂ ಇವತ್ತೋ ನಾಳೆಯೋ ಸೇರುವವರಿಗೂ ಉಪಯೋಗವಾದೀತು.

ಆ್ಯಪ್‌ಗಳೆಲ್ಲ ಒಂದೇ ಅಲ್ಲ. 2012ರಲ್ಲಿ ಬಂದ ಟಿಂಡರ್ ಫೋಟೊ ನೋಡಿ ಎಡಕ್ಕೋ ಬಲಕ್ಕೋ ಸರಿಸುವ ಅಭ್ಯಾಸ ಹುಟ್ಟುಹಾಕಿತು. 2014ರ ಬಂಬಲ್ ಹೆಸರಾದದ್ದು ಹೆಣ್ಣೇ ಮೊದಲು ಮಾತು ಶುರು ಮಾಡಬೇಕೆಂಬ ನಿಯಮದಿಂದ. ಹಿಂಜ್‌ನಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು, ಮಾತು ಅಲ್ಲಿಂದ ಹುಟ್ಟುತ್ತದೆ. ನಮ್ಮ ದೇಶದ್ದೇ ಆದ ಐಲ್ ಗಂಭೀರ ಸಂಬಂಧ ಹುಡುಕುವವರಿಗೆ ಎಂದು ಹೇಳಿಕೊಳ್ಳುತ್ತದೆ. ಇದರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ನನಗೆ ಬೇಕಾದ್ದು ಏನು ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಸ್ನೇಹವೋ, ಮದುವೆಯೋ, ಇನ್ನೂ ಗೊತ್ತಿಲ್ಲವೋ? ‘ಗೊತ್ತಿಲ್ಲ’ ಎಂಬುದೂ ಉತ್ತರವೇ, ಆದರೆ ಎದುರಿನವರಿಗೆ ಅದನ್ನು ಮೊದಲೇ ಹೇಳಬೇಕು. ಒಂದೇ ಆ್ಯಪ್ ಇಟ್ಟುಕೊಳ್ಳಿ. ಮೊದಲ ಸಂಬಳ ಬಂದ ಖುಷಿಯಲ್ಲಿ ಪ್ರೀಮಿಯಂ ಪ್ಲಾನಿಗೆ ದುಡ್ಡು ಕಟ್ಟಬೇಡಿ. ಅದರಿಂದ ಹೆಚ್ಚು ಮುಖ ಕಾಣಬಹುದು, ಮನಸ್ಸು ಕಾಣುವುದಿಲ್ಲ.

ಕಂಪನಿಯ ಹೆಸರು, ಐಡಿ ಕಾರ್ಡಿನ ಫೋಟೊ, ಪಿಜಿ ಇರುವ ರಸ್ತೆ ಹಾಕಬೇಡಿ. ಆಫೀಸಿನ ಫೋನಿನಲ್ಲಿ ಆ್ಯಪ್ ಬೇಡ. ಭೇಟಿಗೆ ಮೊದಲು ಒಂದು ವಿಡಿಯೊ ಕಾಲ್ ಮಾಡಿ. ಮೊದಲ ಭೇಟಿ ಹಗಲಿನಲ್ಲಿ, ಜನರಿರುವ ಕಡೆ, ಜಾಗ ನೀವೂ ಸೇರಿ ಆರಿಸಿದ್ದಾಗಿರಲಿ. ಗೆಳತಿಗೋ ಗೆಳೆಯನಿಗೋ ಲೊಕೇಶನ್ ಕಳಿಸಿರಿ. ಹುಡುಗರೇ, ಇದು ನಿಮಗೂ ಅನ್ವಯ. ಅವರೇ ಹೇಳಿದ ಪಬ್ಬಿಗೆ ಕರೆಸಿಕೊಂಡು ದೊಡ್ಡ ಬಿಲ್ ಕಟ್ಟಿಸುವ ಜಾಲಗಳಿವೆ. ವಾರವಿಡೀ ಸವಿಮಾತಾಡಿ ಆಮೇಲೆ ಕ್ರಿಪ್ಟೊದಲ್ಲಿ ಹಣ ಹಾಕು ಎನ್ನುವವರಿದ್ದಾರೆ. ಮುಖ ನೋಡದವರು ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ನನಗೆ ಕಷ್ಟವಾದದ್ದು ಅಣ್ಣನ ಪ್ರಶ್ನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಹೊಸ ಸುದ್ದಿಯಲ್ಲ. ಇದು ನಮ್ಮ ಘಟ್ಟದ ಕಥೆ ಮಾತ್ರವೂ ಅಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಇಂಥ ಸುದ್ದಿ ಬಂದಾಗಲೆಲ್ಲ ಹುಡುಗಿಯರಿಗೆ ಸೊಕ್ಕು ಎಂಬ ಮಾತು ಬರುತ್ತದೆ. ಆ ‘ಹುಡುಗಿಯರು’ ಅಂದರೆ ನಾನೇ.

ನನಗೆ ಸೊಕ್ಕಿಲ್ಲ, ನೆನಪಿದೆ. ಆಯಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಹಾಲು ಕರೆದು, ಆಸರಿ ಮಾಡಿ, ಕೆಲಸದವರಿಗೆ ಚಹಾ ಕೊಟ್ಟು, ಹತ್ತು ಜನರ ಅಡುಗೆ ಮಾಡುತ್ತಿದ್ದಳು. ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಿದ್ದಳು. ಪಹಣಿಯಲ್ಲಿ ಅವಳ ಹೆಸರಿಲ್ಲ. ಹಬ್ಬಕ್ಕೆ ತವರಿಗೆ ಹೋಗಲೂ ಕೈಖರ್ಚಿಗೆ ಅಪ್ಪನನ್ನೇ ಕೇಳಬೇಕಿತ್ತು. ‘ನೀ ಓದಿ ನೌಕರಿ ಮಾಡು’ ಎಂದು ನನಗೆ ಮೊದಲು ಹೇಳಿದವಳು ಅವಳೇ.

ಅಂದರೆ ನನಗೆ ಬೇಡವಾದದ್ದು ತೋಟವಲ್ಲ, ಆಯಿಯ ದಿನಚರಿ. ಆದರೆ ಆ್ಯಪ್‌ನಲ್ಲಿ ‘ದಿನಚರಿ’ ಎಂಬ ಫಿಲ್ಟರ್ ಇಲ್ಲ. ಊರು, ದೂರ, ಎತ್ತರ, ಡಿಗ್ರಿ ಇವೆ. ಹಾಗಾಗಿ ನಾನು ಊರನ್ನೇ ಅಳಿಸಿದೆ. ತಮಾಷೆ ಏನೆಂದರೆ, 25 ಕಿ.ಮೀ. ಒಳಗಿನ ಬೆಂಗಳೂರು ಹುಡುಗರಲ್ಲೂ ತಟ್ಟೆ ಎತ್ತದವರು ಸಿಕ್ಕರು. ನಮ್ಮಣ್ಣ ಕೊರೊನಾ ಕಾಲದಲ್ಲಿ ಆಯಿಗೆ ಹುಷಾರಿಲ್ಲದಾಗಿನಿಂದ ಬೆಳಗಿನ ದೋಸೆಯನ್ನು ತಾನೇ ಎರೆಯುತ್ತಿದ್ದಾನೆ. ಫಿಲ್ಟರಿಗೆ ಇದು ಗೊತ್ತಾಗುವ ಹಾಗಿಲ್ಲ.

ಹಾಗಂತ ಎಲ್ಲ ಹುಡುಗಿಯರೂ ಹಳ್ಳಿಗೆ ವಾಪಸ್ ಹೋಗಿ ಎಂದು ನಾನು ಹೇಳುವುದಿಲ್ಲ. ನಾನೂ ಹೋಗುವುದಿಲ್ಲ, ನನಗೆ ನನ್ನ ಕೆಲಸ ಇಷ್ಟ. ಹೇಳುವುದು ಇಷ್ಟೇ: ಊರು, ಸಂಬಳ, ಹುದ್ದೆ ನೋಡಿ ಅಳಿಸುವ ಮೊದಲು, ಅದರ ಹಿಂದೆ ನಿಮಗಿರುವ ಹೆದರಿಕೆ ಏನು ಎಂದು ಕೇಳಿಕೊಳ್ಳಿ. ಆಮೇಲೆ ಅದನ್ನೇ ಪ್ರಶ್ನೆಯಾಗಿ ಎದುರಿನವರಿಗೆ ಕೇಳಿ. ಮದುವೆಯಾದ ಮೇಲೆ ನನ್ನ ಕೆಲಸ ಏನಾಗುತ್ತದೆ? ಮನೆಗೆಲಸ ಯಾರದ್ದು? ಅಪ್ಪ ಅಮ್ಮನಿಗೆ ವಯಸ್ಸಾದಾಗ ಎಲ್ಲಿರುತ್ತೇವೆ? ಮೂರನೇ ಭೇಟಿಯೊಳಗೆ ಇದನ್ನು ಕೇಳಿದರೆ ಓಡಿಹೋಗುವವರು, ಮೂರನೇ ವರ್ಷಕ್ಕೂ ಉತ್ತರ ಕೊಡುವವರಲ್ಲ.

ಹುಡುಗರಿಗೂ ಒಂದು ಮಾತು. ಅಣ್ಣನ ಪ್ರೊಫೈಲ್ ನಾನೇ ಬರೆಸಿದೆ. ಮೊದಲು ಅವನು ಗೆಳೆಯನ ಕಾರಿಗೆ ಒರಗಿದ ಫೋಟೊ ತಂದ, ಬೇಡವೆಂದೆ. ‘ಬಿಸಿನೆಸ್’ ಎಂದು ಬರೆಯುತ್ತೇನೆ ಎಂದ, ಅದೂ ಬೇಡವೆಂದೆ. ಕೊನೆಗೆ ಬರೆದದ್ದು: ‘ವಜ್ರಳ್ಳಿಯಲ್ಲಿ ಅಡಿಕೆ ತೋಟ. ಇಲ್ಲೇ ಇರುವವನು. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕಷ್ಟ. ಅಡುಗೆ ಬರುತ್ತದೆ. ಬರುವವಳ ದುಡಿಮೆಯ ದುಡ್ಡು ಅವಳದ್ದೇ.’ ಕೊನೆಯ ಸಾಲು ಬರೆಯುವ ಮೊದಲು ಅಣ್ಣ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಯಿ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು.

ವಜ್ರಳ್ಳಿಯಲ್ಲಿ ನಿಂತು ಆ್ಯಪ್ ತೆರೆದರೆ ‘ಹತ್ತಿರದಲ್ಲಿ ಯಾರೂ ಇಲ್ಲ’ ಎಂದೇ ತೋರಿಸುತ್ತದೆ. ದೂರ ಹೆಚ್ಚಿಸಿದ ಮೇಲೆ ಇಬ್ಬರು ಉತ್ತರಿಸಿದರು. ಒಬ್ಬರು ಎರಡೇ ದಿನದಲ್ಲಿ ಮಾತು ನಿಲ್ಲಿಸಿದರು. ಇನ್ನೊಬ್ಬರು ‘ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ದೂರ?’ ಎಂದು ಕೇಳಿದ್ದಾರಂತೆ. ಮುಂದೇನಾಗುತ್ತದೋ ಗೊತ್ತಿಲ್ಲ. ಅಣ್ಣ ಈಗ ದಿನಾ ಸಂಜೆ ತುಳಸಿಕಟ್ಟೆಯ ಹತ್ತಿರ ನಿಲ್ಲುತ್ತಾನೆ ಎಂದು ಆಯಿ ಫೋನಿನಲ್ಲಿ ನಗುತ್ತಾಳೆ.

ನನ್ನ ಪ್ರೊಫೈಲ್‌ನಲ್ಲಿ ‘ಬೆಂಗಳೂರಿನಲ್ಲೇ ಸೆಟ್ಲ್ ಆಗುವವರು ಮಾತ್ರ’ ಎಂಬ ಸಾಲು ಈಗಿಲ್ಲ. ಅಲ್ಲಿ ಹೀಗಿದೆ: ‘ನನ್ನ ಕೆಲಸ ಬಿಡಲಾರೆ. ದೊಡ್ಡಹಬ್ಬಕ್ಕೆ ಊರಿಗೆ ಹೋಗದೆ ಇರಲಾರೆ. ಬೆಳಗಿನ ದೋಸೆ ಯಾರು ಎರೆಯುತ್ತಾರೆ, ಹೇಳಿ.’